ಪ್ರೂಫ್ ನೋಡದೆ ಅಚ್ಚಿಗೆ ಕಳಿಸಿದ ದೇಶ

ನಾನು ಪ್ರೆಸ್ಸಿನವನು. ಪಿಯುಸಿ ಮುಗಿಸಿ ಶಾಯಿಗೆ ಕೈ ಹಾಕಿದವನು. ರಾಜಕೀಯಶಾಸ್ತ್ರ ಓದಿಲ್ಲ. ಆದರೆ ಪೋಸ್ಟರಿನ ಶಾಸ್ತ್ರ ಗೊತ್ತು: ಅಕ್ಷರ ದೊಡ್ಡದಾದಷ್ಟೂ ಮಾತು ಕಡಿಮೆ ಹಿಡಿಯುತ್ತದೆ.

ನಮ್ಮ ಹುಡುಗರು ರಾತ್ರಿ ಹತ್ತಕ್ಕೆ ಬಂದು, "ಅಣ್ಣಾ, ಬೆಳಗ್ಗೆಗೆ ಸಾವಿರ ಬೇಕು" ಅಂತ ನಿಲ್ಲುತ್ತಾರೆ. ಕೈಯಲ್ಲಿ ಒಂದು ಚೀಟಿ. ಚೀಟಿಯಲ್ಲಿ ಎರಡೇ ಪದ. ಯಾರದೋ ಹೆಸರು, ಅದರ ಮುಂದೆ 'ತೊಲಗಲಿ'. "ತೊಲಗಿದ ಮೇಲೆ ಏನ್ರಪ್ಪಾ?" ಅಂದರೆ, "ಅದನ್ನ ಆಮೇಲೆ ನೋಡೋಣ, ಮೊದ್ಲು ಪ್ಲೇಟ್ ಹಾಕ್ಸಿ ಅಣ್ಣಾ" ಎಂಬ ಉತ್ತರ.

ಗೆಳೆಯರೇ, ಈ 'ಆಮೇಲೆ ನೋಡೋಣ' ಎಂಬ ಮಾತು ಎಂಥ ದೇಶವನ್ನು ಯಾವ ಗತಿಗೆ ತಂದಿತು ಗೊತ್ತೇ? ನಮ್ಮನ್ನು ಇನ್ನೂರು ವರ್ಷ ಆಳಿ, 'ಆಡಳಿತ ಅಂದರೆ ಹೀಗೆ' ಎಂದು ಪಾಠ ಹೇಳಿದ ಬ್ರಿಟನ್ನನ್ನು!

2016ರ ಜೂನ್ 23. ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೇ, ಬಿಡಬೇಕೇ ಎಂದು ಅಲ್ಲಿ ಜನಮತಗಣನೆ ನಡೆಯಿತು. ಮತಪತ್ರದಲ್ಲಿ ಎರಡು ಚೌಕ, ಅಷ್ಟೆ. 1 ಕೋಟಿ 74 ಲಕ್ಷ ಜನ 'ಬಿಡೋಣ' ಅಂದರು. 1 ಕೋಟಿ 61 ಲಕ್ಷ ಜನ 'ಇರೋಣ' ಅಂದರು. ಶೇಕಡ 51.9, ಶೇಕಡ 48.1. ಬಿಡುವುದು ಹೇಗೆ ಎಂಬುದು ಮಾತ್ರ ಆ ಕಾಗದದ ಯಾವ ಮೂಲೆಯಲ್ಲೂ ಇರಲಿಲ್ಲ.

ಯಾಕಿರಲಿಲ್ಲ? ಮತಗಣನೆ ಕರೆದ ಪ್ರಧಾನಿ ಕ್ಯಾಮೆರಾನ್ ಉಳಿಯುವ ಪಕ್ಷದವರು. ಸೋಲುವುದೇ ಇಲ್ಲ ಎಂದುಕೊಂಡವರು ಸೋಲಿಗೆ ಯಾಕೆ ಯೋಜನೆ ಬರೆಯುತ್ತಾರೆ? ಸೋತರು, ರಾಜೀನಾಮೆ ಕೊಟ್ಟರು, ಹೋದರು. ಇನ್ನು ಬಿಡೋಣ ಎಂದವರಲ್ಲಿ ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ನಕ್ಷೆ. ಒಬ್ಬನಿಗೆ ನಾರ್ವೆಯ ದಾರಿ: ಒಕ್ಕೂಟದ ಹೊರಗಿದ್ದರೂ ಅದರ ಮಾರುಕಟ್ಟೆಯಲ್ಲಿರುವುದು, ಅದಕ್ಕೆ ಹಣ ಕಟ್ಟುವುದು, ಅಲ್ಲಿನ ಜನ ಬಂದು ದುಡಿಯಲು ಒಪ್ಪುವುದು. ಇನ್ನೊಬ್ಬನಿಗೆ ಕೆನಡಾದ ದಾರಿ: ಬರೀ ವ್ಯಾಪಾರದ ಒಪ್ಪಂದ. ಮತ್ತೊಬ್ಬನಿಗೆ ಯಾವ ಒಪ್ಪಂದವೂ ಬೇಡ, ಎದ್ದು ಬಂದರೆ ಸಾಕು. ಇವನ್ನೆಲ್ಲ ಬಿಡಿಸಿ ಬರೆದರೆ ಮತ ಒಡೆಯುತ್ತದೆ. ಹಾಗಾಗಿ ಕೆಂಪು ಬಸ್ಸಿನ ಮೇಲೆ 'ವಾರಕ್ಕೆ 35 ಕೋಟಿ ಪೌಂಡ್ ಒಕ್ಕೂಟಕ್ಕೆ ಕೊಡುತ್ತಿದ್ದೇವೆ' ಎಂದು ದಪ್ಪಕ್ಷರದಲ್ಲಿ ಬರೆಸಿ ಊರೂರು ಸುತ್ತಿಸಿದರು. ಅದು ದಾರಿ ತಪ್ಪಿಸುವ ಲೆಕ್ಕ ಎಂದು ಅಲ್ಲಿನ ಅಂಕಿಅಂಶ ಪ್ರಾಧಿಕಾರವೇ ಹೇಳಿತು. ಬಸ್ಸು ನಿಲ್ಲಲಿಲ್ಲ.

ಮುಂದೆ ಬಂದ ತೆರೇಸಾ ಮೇ ಅವರ ಘೋಷಣೆ, 'ಬ್ರೆಕ್ಸಿಟ್ ಅಂದರೆ ಬ್ರೆಕ್ಸಿಟ್'. ಇಡ್ಲಿ ಅಂದರೆ ಇಡ್ಲಿ! ಅರ್ಥ ಯಾರಿಗೆ ಆಯಿತು? 2017ರ ಮಾರ್ಚ್ 29ಕ್ಕೆ ಬಿಡುತ್ತೇವೆಂದು ಪತ್ರ ಕೊಟ್ಟರು. ಎರಡು ವರ್ಷದ ಗಡಿಯಾರ ಶುರುವಾಯಿತು. ಹೇಗೆ ಬಿಡುವುದೆಂದು ಸ್ವಂತ ಮಂತ್ರಿಮಂಡಲವನ್ನು ಒಪ್ಪಿಸಲು ಹೊರಟದ್ದು 2018ರ ಜುಲೈನಲ್ಲಿ. ಒಪ್ಪಿದ ಮೂರೇ ದಿನದೊಳಗೆ ಡೇವಿಡ್ ಡೇವಿಸ್, ಬೋರಿಸ್ ಜಾನ್ಸನ್ ಇಬ್ಬರೂ ರಾಜೀನಾಮೆ ಒಗೆದರು.

2019ರ ಜನವರಿ 15ರಂದು ಆಕೆಯ ಒಪ್ಪಂದಕ್ಕೆ ಕೆಳಮನೆಯಲ್ಲಿ 202 ಮತ ಪರ, 432 ಮತ ವಿರೋಧ. ಸರಿ, ನಿಮಗೆ ಬೇಕಾದ್ದೇನು ಹೇಳಿ ಎಂದು ಮಾರ್ಚ್ 27ಕ್ಕೆ ಸಂಸದರ ಮುಂದೆ ಎಂಟು ದಾರಿ ಇಟ್ಟರು. ಎಂಟೂ ಬಿದ್ದವು! ಏಪ್ರಿಲ್ 1ರಂದು ಮತ್ತೆ ನಾಲ್ಕು. ಅವೂ ಬಿದ್ದವು. ಒಂದಂತೂ ಮೂರೇ ಮತದಲ್ಲಿ ಸೋತಿತು. ಬಿಡಲೂ ಆಗದು, ಇರಲೂ ಆಗದು.

ಎಲ್ಲಕ್ಕಿಂತ ದೊಡ್ಡ ಗಂಟು ಐರ್ಲೆಂಡಿನದು. ಉತ್ತರ ಐರ್ಲೆಂಡಿನಲ್ಲಿ ಮೂವತ್ತು ವರ್ಷ ರಕ್ತ ಹರಿದು ಮೂರೂವರೆ ಸಾವಿರ ಜನ ಸತ್ತರು. 1998ರ ಒಪ್ಪಂದದಿಂದ ಶಾಂತಿ ಬಂತು. ಸುಮಾರು 500 ಕಿಲೋಮೀಟರ್ ಗಡಿಯಲ್ಲಿ ಕಾವಲುಗೋಪುರಗಳು ಮಾಯವಾದವು. ಈಗ ಬ್ರಿಟನ್ ಹೊರಬಂದರೆ ಆ ಗಡಿಯೇ ಒಕ್ಕೂಟದ ಗಡಿ. ಸರಕು ತಪಾಸಣೆ ಎಲ್ಲಿ? ನೆಲದ ಮೇಲೆ ಮಾಡಿದರೆ ಹಳೆಯ ಗಾಯ ಬಿಚ್ಚುತ್ತದೆ. ಸಮುದ್ರದಲ್ಲಿ ಮಾಡಿದರೆ ಸ್ವಂತ ದೇಶದೊಳಗೇ ಗೆರೆ ಬೀಳುತ್ತದೆ. ಮಾಜಿ ಪ್ರಧಾನಿಗಳಾದ ಮೇಜರ್ ಮತ್ತು ಬ್ಲೇರ್ ಮತದಾನಕ್ಕೆ ಮೊದಲೇ ಡೆರ್ರಿ ಊರಿಗೆ ಹೋಗಿ ಈ ಅಪಾಯ ಹೇಳಿದ್ದರು. ಕೇಳುವವರು ಯಾರು? ಕಡೆಗೆ ಜಾನ್ಸನ್ ಪ್ರಧಾನಿಯಾಗಿ ಗೆರೆಯನ್ನು ಸಮುದ್ರದಲ್ಲೇ ಎಳೆದರು. 2020ರ ಜನವರಿ 31ಕ್ಕೆ ಬ್ರಿಟನ್ ಹೊರಬಂತು.

ಬಿಡೋಣ ಎಂದವರು ಮೂರ್ಖರು ಎಂದು ನಾನು ಹೇಳುವುದಿಲ್ಲ. ಒಂದು ಜನ ಒಂದು ಕೂಟವನ್ನು ಬಿಡಬೇಕೆಂದರೆ ಬಿಡುವ ಹಕ್ಕು ಅವರದು. ಮತ್ತೊಮ್ಮೆ ಮತ ಹಾಕಿಸಿ ಎಂದು ಲಕ್ಷಗಟ್ಟಲೆ ಜನ ಲಂಡನ್ ಬೀದಿಗಿಳಿದಾಗ, 'ಗೆದ್ದ ಮೇಲೆ ಮತ್ತೆ ಆಟವೇ?' ಎಂದು ಇವರು ಕೇಳಿದ್ದರಲ್ಲಿ ನ್ಯಾಯವಿದೆ. 'ನಾವು ಸೋತದ್ದು ಯಾವ ನಕ್ಷೆಗೆ ಅಂತಾದರೂ ತೋರಿಸಿ' ಎಂದು ಅವರು ಕೇಳಿದ್ದರಲ್ಲೂ ನ್ಯಾಯವಿದೆ. ಎರಡು ನ್ಯಾಯಗಳನ್ನು ಎದುರುಬದುರು ನಿಲ್ಲಿಸಿ ಕಾದಾಡಿಸಿದ ಪಾಪ ಯಾರದು? ನಕ್ಷೆ ಇಲ್ಲದೆ ಚೌಕ ಮಾತ್ರ ಅಚ್ಚು ಹಾಕಿಸಿದ ನಾಯಕರದು.

ಅದೇ ನಾಡಿನ ಸ್ಕಾಟ್ಲೆಂಡನ್ನು ನೋಡಿ. ಬ್ರಿಟನ್ನಿನಿಂದ ಬೇರೆಯಾಗಬೇಕೇ ಎಂದು 2014ರಲ್ಲಿ ಮತ ಹಾಕುವ ಮೊದಲೇ, ಬೇರೆಯಾಗೋಣ ಎಂದ ಸರ್ಕಾರವೇ 670 ಪುಟದ ಪುಸ್ತಕ ಅಚ್ಚು ಹಾಕಿಸಿತು. ಪಿಂಚಣಿ ಹೇಗೆ, ಸೈನ್ಯ ಹೇಗೆ, ನಾಣ್ಯ ಯಾವುದು ಎಲ್ಲ ಬರೆಯಿತು. ನಾಣ್ಯದ ಮಾತಿಗೆ ಜನ ಬೆವರಿಳಿಸಿದರು. ಹದಿನಾರು ವರ್ಷದ ಹುಡುಗ ಹುಡುಗಿಯರಿಗೂ ಮತವಿತ್ತು. ಶೇಕಡ 84.6ರಷ್ಟು ಜನ ಮತ ಹಾಕಿ, ಶೇಕಡ 55ರಷ್ಟು ಮಂದಿ ಬೇಡ ಎಂದರು. ಬೇರೆಯಾಗುವ ಪಕ್ಷ ಸೋತಿತು. ಆದರೆ ಏನನ್ನು ಬೇಡ ಎಂದೆವು ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು.

ನನ್ನ ಅಂಗಡಿಗೆ ಒಮ್ಮೆ ಮದುವೆ ಮನೆಯವರು ಬಂದು ಪ್ರೂಫ್ ಓದದೆ ಸಹಿ ಹಾಕಿ ಹೋದರು. ಎಂಟುನೂರು ಕಾರ್ಡು ಅಚ್ಚಾದ ಮೇಲೆ ಮುಹೂರ್ತದ ದಿನ ತಪ್ಪು! ಅಣ್ಣ ತಮ್ಮಂದಿರು ನನ್ನ ಮುಂದೆಯೇ ಕೈ ಕೈ ಮಿಲಾಯಿಸಿದರು. ಆ ಜಗಳವನ್ನು ಪ್ರೂಫ್ ಹಿಡಿದು ಹತ್ತು ನಿಮಿಷ ಆಡಿದ್ದರೆ ನಾಲ್ಕಾಣೆಯ ಪೆನ್ಸಿಲಿನಲ್ಲಿ ಮುಗಿಯುತ್ತಿತ್ತು. ಬ್ರಿಟನ್ ಇವತ್ತಿಗೂ ತಿದ್ದುಪಡಿ ಚೀಟಿ ಅಂಟಿಸುತ್ತಲೇ ಇದೆ. 2023ರಲ್ಲಿ ಉತ್ತರ ಐರ್ಲೆಂಡಿಗೆ ಹೊಸ ಏರ್ಪಾಡು. 2025ರ ಮೇನಲ್ಲಿ ಲಂಡನ್ನಿನಲ್ಲಿ ಮತ್ತೆ ಒಕ್ಕೂಟದೊಂದಿಗೆ ಕೂತು, ಅದರ ದೋಣಿಗಳು ತನ್ನ ಕಡಲಲ್ಲಿ 2038ರವರೆಗೆ ಮೀನು ಹಿಡಿಯಲಿ ಎಂದು ಒಪ್ಪಿಗೆ.

ಆ ಸಂಸತ್ತಿನ ಎದುರು, ಥೇಮ್ಸ್ ನದಿಯ ಈಚೆ ದಡದಲ್ಲಿ, 2015ರಿಂದ ನಮ್ಮ ಬಸವಣ್ಣನ ಪ್ರತಿಮೆ ಇದೆ. ಎಂಟು ದಾರಿ ಎಂಟೂ ಬಿದ್ದ ರಾತ್ರಿಯೂ ಅದು ಅಲ್ಲೇ ಇತ್ತು. ಅನುಭವ ಮಂಟಪ ಕಟ್ಟಿದವರ ನಾಡಿನವರು ನಾವು. ಮೊದಲು ಕೂತು ಮಾತಾಡುವುದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ಆದ್ದರಿಂದ ತಮ್ಮಂದಿರೇ, ತಂಗಿಯರೇ, ಮುಂದಿನ ಸಲ ಎರಡು ಪದದ ಚೀಟಿ ತಂದಾಗ ಅದರ ಹಿಂಬದಿಯಲ್ಲಿ 'ಹೇಗೆ' ಎಂದು ನಾಲ್ಕು ಸಾಲು ಬರೆದು ತನ್ನಿ. ಬರೆಯುವಾಗ ನಿಮ್ಮನಿಮ್ಮಲ್ಲೇ ಜಗಳ ಬರುತ್ತದೆ. ಬರಲಿ, ಆಡಿ ಮುಗಿಸಿ. ಪೋಸ್ಟರಿಗೆ ನನ್ನ ಎಂದಿನ ರೇಟು. ಆ ನಾಲ್ಕು ಸಾಲಿನ ಹ್ಯಾಂಡ್‌ಬಿಲ್ಲಿಗೆ ಕಾಗದ ಮಾತ್ರ ತನ್ನಿ, ಅಚ್ಚಿನ ಕೂಲಿ ಬೇಡ.