ಸುರಿದವನೇ ಸಾಕ್ಷಿ ಕೇಳುತ್ತಾನೆ

2019ರ ಮಾರ್ಚ್ 27ರಂದು ದೇಶ ಚಪ್ಪಾಳೆ ತಟ್ಟಿತು. ನಮ್ಮದೇ ಕ್ಷಿಪಣಿ, ನಮ್ಮದೇ ಉಪಗ್ರಹ, ಸುಮಾರು 300 ಕಿಲೋಮೀಟರ್ ಎತ್ತರ. ಹೊಡೆದು ಪುಡಿಗಟ್ಟಿದೆವು. ಹೆಸರು ಮಿಷನ್ ಶಕ್ತಿ, ಉದ್ದೇಶ ರಕ್ಷಣೆ. ಕೇರಳದ ಕಾಸರಗೋಡು ಜಿಲ್ಲೆಯ ಬೆಳ್ಳೂರಿನಲ್ಲಿ ಕೂತು ಟಿವಿ ನೋಡುತ್ತಿದ್ದ ನನಗೆ ಚಪ್ಪಾಳೆಗೆ ಕೈ ಏಳಲಿಲ್ಲ.

ಯಾಕೆಂದರೆ ನಮ್ಮ ಮೇಲೂ ರಕ್ಷಣೆ ಸುರಿದಿತ್ತು ಸ್ವಾಮೀ. ಗೇರು ಬೆಳೆಯ ರಕ್ಷಣೆ. 1970ರ ದಶಕದ ಕೊನೆಯಿಂದ 2000ದ ವರೆಗೆ. ಹಂಚು ನಡುಗುವಷ್ಟು ಕೆಳಗೆ ಹೆಲಿಕಾಪ್ಟರ್ ಬರುತ್ತಿತ್ತು, ಅದರ ಬೆನ್ನಿಗೇ ಎಂಡೋಸಲ್ಫಾನ್ ಕೀಟನಾಶಕದ ಮಂಜು. ಬಾವಿ ಮುಚ್ಚಿಡಿ ಅಂದರು. ಆಯ್ತು, ಸೋಗೆ ಹೊದೆಸಿದೆವು. ಸುರಂಗದಿಂದ ಹರಿದು ಬರುವ ಕುಡಿಯುವ ನೀರಿಗೆ ಎಂತ ಹೊದೆಸುವುದು? ತೋಡಿಗೆ? ಅಂಗಳದಲ್ಲಿ ಆಡುವ ಮಗುವಿನ ಬಾಯಿಗೆ? ಮೊದಲು ಜೇನು ಸತ್ತಿತು. ಆಮೇಲೆ ನನ್ನ ತಮ್ಮ ಹುಟ್ಟಿದ. ಮೀಸೆ ಬಂದ ಗಂಡಸು, ಇವತ್ತಿಗೂ ಅಮ್ಮನೇ ಗಂಜಿ ಬಾಯಿಗಿಡಬೇಕು. ಮುಖದ ಮೇಲೆ ನೊಣ ಕೂತರೆ ಓಡಿಸಲು ಅವನಿಗೆ ಕೈ ಇದ್ದೂ ಇಲ್ಲ.

ಅವನನ್ನು ಹೊತ್ತುಕೊಂಡು ಸಂತ್ರಸ್ತರ ಪಟ್ಟಿಗೆ ಹೆಸರು ಬರೆಸಲು ಹೋದೆವು. ಮದ್ದಿನಿಂದಲೇ ಹೀಗಾಯಿತು ಅನ್ನಲಿಕ್ಕೆ ದಾಖಲೆ ಉಂಟಾ ಅಂತ ಮೇಜಿನಾಚೆಯವನು ಕೇಳಿದ. ಅದೂ ಮಲಯಾಳದಲ್ಲಿ. ಕನ್ನಡ, ತುಳು ಬಿಟ್ಟು ಬೇರೆ ಬಾರದ ಅಮ್ಮ ಮಗನ ತಲೆ ಎತ್ತಿ ತೋರಿಸಿದಳು. ಅವನು ಫಾರಮಿನ ಖಾಲಿ ಜಾಗ ತೋರಿಸಿದ.

ಸುರಿದವನಿಗೆ ದಾಖಲೆ ಬೇಡ. ಕುಡಿದವನಿಗೆ ಬೇಕು.

ಬಾಹ್ಯಾಕಾಶದಲ್ಲೂ ಇರುವುದು ಇದೇ ಮೇಜು. 1972ರ ಹೊಣೆಗಾರಿಕೆ ಒಪ್ಪಂದದ ಪ್ರಕಾರ, ಉಪಗ್ರಹದ ತುಂಡು ನೆಲಕ್ಕೆ ಬಿದ್ದು ಹಾನಿಯಾದರೆ ತಪ್ಪು ಯಾರದೆಂದು ಕೇಳದೆ ಹಾರಿಸಿದ ದೇಶ ಪರಿಹಾರ ತೆರಬೇಕು. ಕಕ್ಷೆಯಲ್ಲಿ ಡಿಕ್ಕಿಯಾದರೋ, ತಪ್ಪು ಸಾಬೀತಾಗಬೇಕು. ಸೆಕೆಂಡಿಗೆ ಏಳೆಂಟು ಕಿಲೋಮೀಟರ್ ಓಡುವ ಬೋಲ್ಟಿನ ಮೇಲೆ ಯಾರ ರುಜು ಇರುತ್ತದೆ? 1978ರಲ್ಲಿ ಸೋವಿಯತ್ತಿನ ಕೋಸ್ಮೋಸ್ 954 ಉಪಗ್ರಹ ಪರಮಾಣು ರಿಯಾಕ್ಟರ್ ಸಮೇತ ಕೆನಡಾದ ಮೇಲೆ ಚೂರುಚೂರಾಗಿ ಬಿತ್ತು. ಕೆನಡಾ 60 ಲಕ್ಷ ಡಾಲರ್ ಕೇಳಿತು. 1981ರಲ್ಲಿ 30 ಲಕ್ಷ ಸಿಕ್ಕಿತು. ಕೇಳಿದ್ದು ಒಂದು ದೇಶ. ಆ ಒಪ್ಪಂದದಡಿ ನಾನು, ನೀವು ಕೇಳುವ ಹಾಗೇ ಇಲ್ಲ. ನಮ್ಮ ಪರವಾಗಿ ಸರ್ಕಾರ ಕೇಳಬೇಕು. ಹಾರಿಸಿದ್ದೇ ನಮ್ಮ ಸರ್ಕಾರವಾದರೆ? ತನ್ನ ಪ್ರಜೆಗಳಿಗೆ ತಾನೇ ಮಾಡಿದ ಹಾನಿಗೆ ಆ ಒಪ್ಪಂದ ಅನ್ವಯಿಸುವುದಿಲ್ಲ. ನಮ್ಮದೇ ಕಾಯ್ದೆ ಮಾಡಲು 2017ರಲ್ಲಿ ಕರಡು ಬಂತು. ಕಾಯ್ದೆಯಾಗಲಿಲ್ಲ.

ಮನೆಯವನೇ ಹೊಡೆದರೆ ಅದು ಹೊಡೆತವೇ ಅಲ್ಲ!

ಹಾಗಾದರೆ ದೇಶಕ್ಕೆ ಆತ್ಮರಕ್ಷಣೆ ಬೇಡವೋ ಅಂತ ದೇಶಭಕ್ತರು ತೋಳೇರಿಸುತ್ತಾರೆ. ಬೇಕು ಮಾರಾಯರೇ. ವಿಶ್ವಸಂಸ್ಥೆಯ ಸನ್ನದಿನ 51ನೇ ವಿಧಿಯೇ ಆ ಹಕ್ಕನ್ನು ಒಪ್ಪಿದೆ. ಉಪಗ್ರಹದ ಕಕ್ಷೆ ಬದಲಿಸಿ, ಸಂಕೇತ ಕಾಪಾಡಿಕೊಳ್ಳಿ, ಬದಲಿ ಇಟ್ಟುಕೊಳ್ಳಿ, ಶತ್ರುವಿನ ಕಣ್ಣಿಗೆ ಮಂಕು ಕವಿಸಿ. ಆದರೆ ಇಲ್ಲಿಯವರೆಗೆ ಒಡೆದವರು ಒಡೆದದ್ದು ಯಾರದ್ದನ್ನು? 1985, 2008ರಲ್ಲಿ ಅಮೆರಿಕ ತನ್ನದನ್ನೇ. 2007ರಲ್ಲಿ ಚೀನಾ ತನ್ನದೇ ಹಳೆಯ ಹವಾಮಾನ ಉಪಗ್ರಹವನ್ನು ಸುಮಾರು 860 ಕಿಲೋಮೀಟರ್ ಮೇಲೆ. ಮೂರು ಸಾವಿರಕ್ಕೂ ಹೆಚ್ಚು ಚೂರು. 2021ರಲ್ಲಿ ರಷ್ಯಾ ತನ್ನದನ್ನೇ. ಸಾವಿರದ ಐನೂರರಷ್ಟು ಚೂರು, ಅಂತರಿಕ್ಷ ನಿಲ್ದಾಣದಲ್ಲಿದ್ದ ಅದರ ಸ್ವಂತ ಯಾನಿಗಳೂ ನೌಕೆಯೊಳಗೆ ಅವಿತು ಕೂತರು. ನಾವು ಕೆಳಗೆ ಒಡೆದೆವು, ವಾರಗಳಲ್ಲಿ ಉದುರುತ್ತದೆ ಅಂದೆವು. ಕೆಲವು ಚೂರು ವರ್ಷ ದಾಟಿಯೂ ಸುತ್ತಿದವು. ನಾಲ್ವರಲ್ಲಿ ಒಬ್ಬರೂ ಶತ್ರುವಿಗೆ ಹೊಡೆಯಲಿಲ್ಲ. ತಮ್ಮದನ್ನು ಒಡೆದು ಕಸವನ್ನು ಮಾತ್ರ ಎಲ್ಲರಿಗೂ ಹಂಚಿದರು.

2022ರ ಡಿಸೆಂಬರಿನಲ್ಲಿ ಇಂಥ ಪರೀಕ್ಷೆ ಬೇಡವೆಂಬ ನಿರ್ಣಯ ವಿಶ್ವಸಂಸ್ಥೆಯ ಮಹಾಸಭೆಗೆ ಬಂತು. 155 ದೇಶಗಳು ಹೌದೆಂದವು. ಭಾರತ ತಟಸ್ಥ. ಅದೇ ಭಾರತ 2024ರಲ್ಲಿ, 2030ರೊಳಗೆ ನಮ್ಮ ಯಾನಗಳೆಲ್ಲ ತ್ಯಾಜ್ಯಮುಕ್ತ ಎಂದು ಸಾರಿತು. ಒಂದು ಕೈಯಲ್ಲಿ ಪೊರಕೆ, ಇನ್ನೊಂದರಲ್ಲಿ ಸುತ್ತಿಗೆ.

ನಿಯಮ ಬಂದರೆ ಸಾಕೇ? ನಮಗೆ ತೀರ್ಪೇ ಬಂದಿತ್ತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ, ಮೂರು ತಿಂಗಳೊಳಗೆ, ಅಂತ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ಲೆಕ್ಕ ಕೇಳಿದಾಗ, 3704 ಮಂದಿಯಲ್ಲಿ ಹಣ ಮುಟ್ಟಿದ್ದು 8 ಮಂದಿಗೆ. ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದ ಎಂಟೇ ಮಂದಿಗೆ! ಕಕ್ಷೆಯಲ್ಲಿ ಹತ್ತು ಸೆಂಟಿಮೀಟರಿನ ಚೂರನ್ನು ಹಿಡಿದು ನಂಬರು ಕೊಡುವ ಲೋಕದಲ್ಲಿ, ನೆಲದ ಮೇಲೆ ಚಾಪೆ ಹಿಡಿದು ಮಲಗಿದ ಮನುಷ್ಯ ಐದು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ.

ಆದ್ದರಿಂದ ಜಿನೀವಾದ, ದೆಹಲಿಯ ದೊಡ್ಡವರೇ, ನಿಮ್ಮ ನೂರು ಪುಟದ ಮಾರ್ಗಸೂಚಿ ನನಗೆ ಬೇಡ. ಒಂದೇ ಸಾಲು ಬರೆಯಿರಿ: ರಕ್ಷಣೆಯ ಹೆಸರಲ್ಲಿ ಮೇಲಿಂದ ಸುರಿದವನು ಸಾಕ್ಷಿ ಕೇಳುವ ಹಾಗಿಲ್ಲ, ಹಣ ಎಣಿಸಿ ಇಡಬೇಕು. ನೀವು ಬರೆಯುವುದಿಲ್ಲ. ಬರೆದರೆ ಮೊದಲ ಬಿಲ್ಲು ಬೆಳ್ಳೂರಿನಿಂದಲೇ ಬರುತ್ತದೆ ಅಂತ ನಿಮಗೆ ಗೊತ್ತುಂಟು.