‘ಆಪರೇಷನ್ ಸಕ್ಸಸ್’ ಅಂದ್ರೆ ಯಾರ ಲೆಕ್ಕದಲ್ಲಿ?

1/8
ಫೋಟೋದಲ್ಲಿರೋದು ನಮ್ಮಜ್ಜಿಯ ಬಲಭುಜದ ಎಕ್ಸ್‌ರೇ. ಅಜ್ಜಿ ಹೆಸರು, ಆಸ್ಪತ್ರೆ ಹೆಸರು ಎರಡೂ ಅಳಿಸಿದ್ದೀನಿ, ಕಾಮೆಂಟಲ್ಲಿ ಕೇಳ್ಬೇಡಿ. ಅಜ್ಜಿನ ಕೇಳೇ ಹಾಕಿದ್ದು. “ಹಾಕು, ನನ್ನ ಮುಖ ಕಾಣಲ್ವಲ್ಲ” ಅಂದ್ರು.

ಎರಡು ವರ್ಷದ ಹಿಂದೆ ರಿವರ್ಸ್ ಶೋಲ್ಡರ್ ರಿಪ್ಲೇಸ್‌ಮೆಂಟ್ ಆಯ್ತು. ಡಿಸ್ಚಾರ್ಜ್ ದಿನ ಎಲ್ಲರೂ “ಸಕ್ಸಸ್” ಅಂದ್ರು. ಕೈ ಮೇಲಕ್ಕೆ ಏಳತ್ತೆ, ಅಟ್ಟದ ಮೇಲಿನ ಡಬ್ಬ ಇಳಿಸ್ತಾರೆ, ಅದು ನಿಜ. ಆದ್ರೆ ಕೈ ಕೆಳಗೆ ಬಿಟ್ಟು ಮೈಗೆ ಒತ್ತಿದ್ರೆ ಒಳಗೆ ‘ಕಟ್’ ಅನ್ನತ್ತೆ, ನೋಯತ್ತೆ. ಸೆರಗನ್ನ ಹಿಂದಿನಿಂದ ತಂದು ಸೊಂಟಕ್ಕೆ ಸಿಗಿಸೋಕೆ ಆಗಲ್ಲ. ಒಂದೂವರೆ ವರ್ಷ ಅವರಿಗೆ ಸಿಕ್ಕಿದ್ದು ಒಂದೇ ಉತ್ತರ: “ಎಕ್ಸರ್‌ಸೈಜ್ ಸರಿಯಾಗಿ ಮಾಡಿಲ್ಲಮ್ಮ.”

ನಾನೂ ಅದನ್ನೇ ಹೇಳಿ ಬೈದಿದ್ದೀನಿ. ಈ ಸೀರೀಸ್ ಬರೀತಿರೋದು ಅದಕ್ಕೇ.

2/8
ಮೊದಲು ವಿಷಯ ಏನು ಅಂತ ತಿಳ್ಕೊಳೋಣ.

ನಮ್ಮೆಲ್ಲರ ಭುಜದಲ್ಲಿ ತೋಳಿನ ಮೂಳೆಯ ತುದಿ ಗೋಳ. ಬೆನ್ನಲ್ಲಿ ಹಲಗೆ ಥರ ಇರೋ ಮೂಳೆ, ಅಂದ್ರೆ ಸ್ಕ್ಯಾಪುಲಾ, ಅದರ ಅಂಚಲ್ಲಿ ಸಣ್ಣ ತಟ್ಟೆ. ಅಂಗೈ ಮೇಲೆ ನಿಂಬೆಹಣ್ಣು ಇಟ್ಟ ಹಾಗೆ. ಹಣ್ಣು ಜಾರದ ಹಾಗೆ ಹಿಡಿಯೋದು ರೊಟೇಟರ್ ಕಫ್ ಅನ್ನೋ ನಾಲ್ಕು ಸ್ನಾಯು. ವಯಸ್ಸಾದ ಮೇಲೆ ಅದು ಪೂರ್ತಿ ಹರಿದು, ಕೀಲೂ ಸವೆದ್ರೆ ಕೈ ಎತ್ತೋಕೇ ಆಗಲ್ಲ.

ಫ್ರಾನ್ಸಿನ ದಿಜಾನ್ ಊರಿನ ಸರ್ಜನ್ ಪೌಲ್ ಗ್ರಾಮೊಂಟ್ 1985ರಲ್ಲಿ ಇದಕ್ಕೆ ಉಲ್ಟಾ ದಾರಿ ಹಿಡಿದ್ರು. ಗೋಳವನ್ನ ಸ್ಕ್ಯಾಪುಲಾಗೆ ಕೂರಿಸೋದು, ಬಟ್ಟಲನ್ನ ತೋಳಿಗೆ. ಹೀಗೆ ಮಾಡಿದ್ರೆ ಕೀಲು ತಿರುಗೋ ಕೇಂದ್ರ ಒಳಗೂ ಕೆಳಗೂ ಸರಿಯತ್ತೆ. ಆಗ ಭುಜದ ಮೇಲೆ ದುಂಡಗೆ ಕಾಣೋ ಡೆಲ್ಟಾಯ್ಡ್ ಸ್ನಾಯು ಒಂದೇ ಕೈ ಎತ್ತೋ ಕೆಲಸ ನೋಡ್ಕೊಳ್ಳತ್ತೆ. ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿದ್ದು 2003ರಲ್ಲಿ. ಕೈ ಎತ್ತೋಕಾಗದೆ ಕೂತವರಿಗೆ ಇದು ನಿಜವಾಗ್ಲೂ ವರ. ನಾನು ಈ ಆಪರೇಷನ್ ವಿರೋಧಿ ಅಲ್ಲ, ಇದನ್ನ ಮೊದಲೇ ಹೇಳಿಬಿಡ್ತೀನಿ.

3/8
ಹಾಗಾದ್ರೆ ‘ಕಟ್’ ಎಲ್ಲಿಂದ?

ಕೇಂದ್ರ ಒಳಗೆ ಸರಿದ್ರೆ ತೋಳೂ ಎದೆ ಕಡೆಗೆ ಸರಿಯತ್ತೆ. ಕೈ ಕೆಳಗೆ ಇಳಿಸಿದಾಗ ಬಟ್ಟಲಿನ ಒಳಅಂಚು ಗೋಳದ ಕೆಳಗಿರೋ ಸ್ಕ್ಯಾಪುಲಾದ ಕತ್ತಿಗೆ ಹೋಗಿ ಬಡಿಯತ್ತೆ. ಇದೇ ಇಂಪಿಂಜ್‌ಮೆಂಟ್. ಬಾಗಿಲು ಹೊಸ್ತಿಲಿಗೆ ಉಜ್ಜಿ ಉಜ್ಜಿ ನೆಲದಲ್ಲಿ ಗೆರೆ ಬೀಳಲ್ವಾ, ಹಾಗೆ ಮೂಳೆಯಲ್ಲಿ ಕಚ್ಚು ಬೀಳತ್ತೆ. ಹೆಸರು ಸ್ಕ್ಯಾಪುಲರ್ ನಾಚಿಂಗ್. ಬಟ್ಟಲಿನ ಪ್ಲಾಸ್ಟಿಕ್ ಕೂಡ ಸವೆಯತ್ತೆ.

ಇದಕ್ಕೆ 4 ಗ್ರೇಡ್ ಇದೆ. 1: ಅಂಚಲ್ಲಿ ಮಾತ್ರ. 2: ಕಚ್ಚು ಕೆಳಗಿನ ಸ್ಕ್ರೂವರೆಗೂ ಬಂತು. 3: ಸ್ಕ್ರೂ ದಾಟ್ತು. 4: ಗೋಳ ಹಿಡಿದಿರೋ ಬೇಸ್‌ಪ್ಲೇಟ್ ಅಡಿಗೇ ಹೋಯ್ತು. ಈ ಪಟ್ಟಿ ಬಂದದ್ದು 2004ರಲ್ಲಿ ಪ್ರಕಟವಾದ ಫ್ರೆಂಚ್ ಅಧ್ಯಯನದಿಂದ. ಅದರಲ್ಲಿ ನೋಡಿದ್ದು 80 ಭುಜ, ಅರ್ಧಕ್ಕಿಂತ ಹೆಚ್ಚಿನದರಲ್ಲಿ ಕಚ್ಚು ಸಿಕ್ತು. ಅಂದ್ರೆ ಇದು ಯಾರೂ ಕೇಳಿರದ ಅಪರೂಪದ ಕಾಯಿಲೆ ಅಲ್ಲ. ಪುಸ್ತಕದಲ್ಲಿರೋ ವಿಷಯ. ಅಜ್ಜಿಗೆ ಮಾತ್ರ ಯಾರೂ ಹೇಳಲಿಲ್ಲ.

4/8
ಈಗ ಮುಖ್ಯ ಪಾಯಿಂಟ್. ಎಲ್ಲಾ ನಿಂತಿರೋದು ಮಿಲಿಮೀಟರ್ ಮೇಲೆ.

ಗೋಳ ತಟ್ಟೆಯ ಮಧ್ಯಕ್ಕೆ ಕೂತ್ರೆ ಕೆಳಗೆ ಜಾಗ ಇರಲ್ಲ. ಕೆಳಅಂಚಿಗೆ ಇಳಿಸಿ, ಮೂಳೆಗಿಂತ ಸ್ವಲ್ಪ ಹೊರಗೆ ಚಾಚೋ ಹಾಗೆ ಕೂರಿಸಿದ್ರೆ ಬಟ್ಟಲು ತಿರುಗೋಕೆ ಜಾಗ ಸಿಗತ್ತೆ. ಜ್ಯೂರಿಕ್‌ನ ಸರ್ಜನ್‌ಗಳು ಇದನ್ನ ಶವಗಳ ಭುಜದಲ್ಲಿ ಅಳೆದು 2005ರಲ್ಲೇ ಪ್ರಕಟಿಸಿದ್ರು. ಕೋನನೂ ಲೆಕ್ಕಕ್ಕೆ ಬರತ್ತೆ. ಗ್ರಾಮೊಂಟ್ ಮಾದರಿಯಲ್ಲಿ ಬಟ್ಟಲಿನ ಕೋನ 155 ಡಿಗ್ರಿ, ಹೊಸ ಮಾದರಿಗಳಲ್ಲಿ 145, 135 ಇದೆ. ಕೋನ ಕಮ್ಮಿ ಆದಷ್ಟೂ ಕೆಳಗೆ ಬಡಿಯೋದು ಕಮ್ಮಿ. ಗೋಳವನ್ನ ಸ್ವಲ್ಪ ಹೊರಗೆ ತರೋದು ಇನ್ನೊಂದು ದಾರಿ.

“ಹಂಗಾದ್ರೆ ಎಲ್ಲಾ ಕೆಳಗೆ, ಎಲ್ಲಾ ಹೊರಗೆ ಇಟ್ಬಿಡಿ” ಅನ್ನೋ ಹಾಗಿಲ್ಲ. ತೋಳು ಜಾಸ್ತಿ ಉದ್ದ ಆದ್ರೆ ನರ ಎಳೆಯತ್ತೆ. ಜಾಸ್ತಿ ಹೊರಗೆ ತಂದ್ರೆ ಬೇಸ್‌ಪ್ಲೇಟ್ ಮೇಲೆ ಭಾರ ಬೀಳತ್ತೆ. ಡೆಲ್ಟಾಯ್ಡ್ ಎಳೆತಕ್ಕೆ ಭುಜದ ತುದಿ ಮೂಳೆ ಬಿರುಕು ಬಿಡೋದೂ ಉಂಟು. ಇದು ನಿಜವಾಗ್ಲೂ ಕಷ್ಟದ ಕೆಲಸ. ಕಷ್ಟದ ಕೆಲಸ ಆಗಿರೋದ್ರಿಂದ್ಲೇ ಅದರ ಲೆಕ್ಕ ಕೇಳ್ಬೇಕು.

5/8
ಹೋದ ತಿಂಗಳು ಬೇರೆ ಡಾಕ್ಟರ್ ಹತ್ರ ಹೋದ್ವಿ. ಅವರು ಎಕ್ಸ್‌ರೇನ ಬೆಳಕಿಗೆ ಹಿಡಿದು ಅಜ್ಜಿಗೇ ತೋರಿಸಿದ್ರು: “ನೋಡಿಮ್ಮ, ಗುಂಡು ಸ್ವಲ್ಪ ಮೇಲೆ ಕೂತಿದೆ. ಕೆಳಗೆ ಮೂಳೆ ಸವೆದು ಸ್ಕ್ರೂವರೆಗೂ ಬಂದಿದೆ. ಒಂದು ಎಕ್ಸ್‌ರೇ ನೋಡಿ ಯಾರ ತಪ್ಪು ಅಂತ ನಾನು ಹೇಳಲ್ಲ. ನಿಮ್ಮ ತಪ್ಪಂತೂ ಅಲ್ಲ.”

ಅಜ್ಜಿ ಏನೂ ಮಾತಾಡ್ಲಿಲ್ಲ. ಆಟೋದಲ್ಲಿ ಬರ್ತಾ ನನ್ನ ಕೇಳಿದ್ರು, “ಹಂಗಾದ್ರೆ ನಾನು ಸೋಮಾರಿ ಅಲ್ಲ ಅಂತಾಯ್ತಾ?”

ಗೈಸ್, ನನಗೆ ಸಿಟ್ಟು ಬಂದಿರೋದು ಮೂಳೆ ಸವೆದದ್ದಕ್ಕಲ್ಲ. ಕಚ್ಚು ಒಳ್ಳೇ ಸರ್ಜನ್ ಕೈಯಲ್ಲೂ ಬೀಳಬಹುದು. ಕೈ ಹಿಂದಕ್ಕೆ ಹೋಗದೇ ಇರೋಕೆ ಸ್ನಾಯು ಸಮಸ್ಯೆನೂ ಕಾರಣ ಇರಬಹುದು. ಫಿಸಿಯೋ ಬೇಕೇ ಬೇಕು, ಬಿಡ್ಬೇಡಿ. ಆದ್ರೆ ಎಕ್ಸ್‌ರೇ ಕೂಡ ನೋಡದೆ 73 ವರ್ಷದ ಹೆಂಗಸಿಗೆ “ನೀನೇ ಸರಿಯಾಗಿ ಮಾಡಿಲ್ಲ” ಅನ್ನೋದು ಚಿಕಿತ್ಸೆ ಅಲ್ಲ, ಕೈ ತೊಳ್ಕೊಳ್ಳೋದು. ಲೋಹ ಮೂಳೆಗೆ ತಾಗಿ ನಿಂತಿರೋ ಕಡೆ ಎಷ್ಟು ಎಳೆದ್ರೂ ಮೂಳೆ ಸವೆಯತ್ತೆ ಅಷ್ಟೇ.

6/8
ನಮ್ಮ ಮನೆಯವರ ತಪ್ಪೂ ಹೇಳ್ಬೇಕಲ್ಲ. ಆಪರೇಷನ್‌ಗೆ ಮುಂಚೆ ಅಪ್ಪ ಕೇಳಿದ್ದು ಎರಡೇ ಪ್ರಶ್ನೆ: “ಎಷ್ಟಾಗತ್ತೆ? ಇಂಪೋರ್ಟೆಡ್ದಾ?” ಇಂಪೋರ್ಟೆಡ್ ಅಂದ ತಕ್ಷಣ ನೆಮ್ಮದಿ. ಫೋನ್ ತಗೊಳ್ಳೋವಾಗ ಹತ್ತು ವಿಡಿಯೋ ನೋಡ್ತೀವಿ. ಅಜ್ಜಿ ಮೈಯೊಳಗೆ ಸಾಯೋತನಕ ಇರೋ ವಸ್ತು ಎಲ್ಲಿ, ಯಾವ ಕೋನದಲ್ಲಿ ಕೂರತ್ತೆ ಅಂತ ಒಬ್ಬರೂ ಕೇಳಲಿಲ್ಲ. ಬ್ರ್ಯಾಂಡ್ ಎಷ್ಟೇ ದೊಡ್ಡದಿರಲಿ, ಕೂತ ಜಾಗ ಸರಿ ಇಲ್ದಿದ್ರೆ ಬಡಿಯೋದು ಬಡಿಯತ್ತೆ.

7/8
“ನೀನು ಬಿಕಾಂ, ನಿಂಗೇನ್ ಗೊತ್ತು ಮೂಳೆ ವಿಷಯ” ಅಂತ ಆಗ್ಲೇ ಡಿಎಂ ಬಂದಿದೆ. ಕರೆಕ್ಟ್. ಆಡಿಟರ್‌ಗೆ ಸಕ್ಕರೆ ಮಾಡೋಕೆ ಬರಲ್ಲ, ಆದ್ರೂ ಸಕ್ಕರೆ ಫ್ಯಾಕ್ಟರಿ ಲೆಕ್ಕ ನೋಡ್ತಾರೆ. ವೋಚರ್ ಎಲ್ಲಿ ಅಂತ ಕೇಳೋಕೆ ಸರ್ಜನ್ ಆಗ್ಬೇಕಿಲ್ಲ.

ಬ್ರಿಟನ್‌ನ ರಾಷ್ಟ್ರೀಯ ಕೀಲು ರಿಜಿಸ್ಟ್ರಿ 2012ರಿಂದ ಭುಜದ ಆಪರೇಷನ್‌ಗಳನ್ನೂ ದಾಖಲು ಮಾಡ್ತಿದೆ. ಯಾವ ಇಂಪ್ಲಾಂಟ್, ಯಾವಾಗ ಮತ್ತೆ ಆಪರೇಷನ್ ಆಯ್ತು, ಎಲ್ಲದಕ್ಕೂ ಲೆಡ್ಜರ್. ನಮ್ಮಲ್ಲಿ ಸೊಂಟ, ಮೊಣಕಾಲಿಗೆ ಸರ್ಜನ್‌ಗಳ ಸಂಘ 2006ರಲ್ಲಿ ಒಂದು ಶುರು ಮಾಡ್ತು, ಆದ್ರೆ ಇಷ್ಟ ಇದ್ದವರು ಬರೆಸಬಹುದು ಅಷ್ಟೇ. ಲೆಡ್ಜರ್ ಇಲ್ದೆ ‘ಸಕ್ಸಸ್’ ಅಂದ್ರೆ ಅದು ಬ್ಯಾಲೆನ್ಸ್ ಶೀಟ್ ಅಲ್ಲ, ಜಾಹೀರಾತು.

ನಮ್ಮ ಫೈಲಲ್ಲಿ ಬಿಲ್ ಇದೆ. ಸಿಟಿ ಸ್ಕ್ಯಾನ್ ಇಲ್ಲ, ಇಂಪ್ಲಾಂಟ್ ಸ್ಟಿಕ್ಕರ್ ಇಲ್ಲ. ಸೈಜ್ ಯಾವುದು, ಕೋನ ಎಷ್ಟು, ಗೊತ್ತಿಲ್ಲ. ಮುಂದೆ ರಿವಿಷನ್ ಬೇಕಾದ್ರೆ ಆ ಡಾಕ್ಟರ್ ಕುರುಡಾಗಿ ಕೈ ಹಾಕ್ಬೇಕಾ?

8/8
ನಿಮ್ಮ ಮನೇಲಿ ಯಾರಿಗಾದ್ರೂ ಈ ಆಪರೇಷನ್ ಅಂದ್ರೆ ಇಷ್ಟು ಕೇಳಿ, ಸೇವ್ ಮಾಡ್ಕೊಳ್ಳಿ:
• ಮುಂಚೆ ಸಿಟಿ ತೆಗೆದು ಪ್ಲ್ಯಾನ್ ಮಾಡ್ತೀರಾ ಡಾಕ್ಟ್ರೇ?
• ಗೋಳ ತಟ್ಟೆಯ ಕೆಳಅಂಚಿಗೆ ಕೂರತ್ತಾ? ಇಲ್ಲ ಅಂದ್ರೆ ಯಾಕೆ?
• ಆಪರೇಷನ್ ಆದ್ಮೇಲೆ ಎಕ್ಸ್‌ರೇನ ನಮಗೆ ತೋರಿಸಿ ವಿವರಿಸ್ತೀರಾ?
• ಸ್ಟಿಕ್ಕರ್ ಫೈಲಿಗೆ ಅಂಟಿಸಿ ಕೊಡ್ತೀರಾ?
• ಕೈ ಬೆನ್ನಿಗೆ ಹೋಗತ್ತಾ? ಹೋಗದೇ ಇರಬಹುದು ಅಂದ್ರೆ ಈಗಲೇ ಹೇಳಿ.

ದಾಖಲೆ ಕೇಳೋದು ಭಿಕ್ಷೆ ಅಲ್ಲ. 2002ರ ವೈದ್ಯರ ನೀತಿ ನಿಯಮದಲ್ಲೇ ಇದೆ, ರೋಗಿ ಕೇಳಿದ 72 ಗಂಟೆ ಒಳಗೆ ಕೊಡ್ಬೇಕು. ಒಳರೋಗಿ ದಾಖಲೆ 3 ವರ್ಷ ಇಟ್ಟಿರಬೇಕು. ನಮಗೆ ಇನ್ನೊಂದು ವರ್ಷ ಇದೆ. ನಿನ್ನೆ ಅಪ್ಪ ಅರ್ಜಿ ಕೊಟ್ಟು ಬಂದ್ರು, ಕೈಬರಹ ನಂದು, ಸಹಿ ಅಜ್ಜಿದು.

ಸದ್ಯಕ್ಕೆ ಮತ್ತೆ ಆಪರೇಷನ್ ಇಲ್ಲ. ವರ್ಷಕ್ಕೊಂದು ಎಕ್ಸ್‌ರೇ, ಕಚ್ಚು ಮುಂದೆ ಹೋಗತ್ತಾ ನೋಡೋದು. ಬೆಳಗ್ಗೆ ಸೆರಗು ಸಿಗಿಸೋ ಕೆಲಸ ಈಗ ನಂದು. ನಾನು ಸಾರಿ ಕೇಳಿದೆ. “ಆಯ್ತು ಬಿಡು, ಕಾಲೇಜಿಗೆ ಲೇಟಾಗತ್ತೆ” ಅಂದ್ರು.

ಅರ್ಜಿಗೆ ಏನು ಉತ್ತರ ಬರತ್ತೋ, ಇಲ್ಲೇ ಹಾಕ್ತೀನಿ.

#ಲೆಕ್ಕಕೊಡಿ #ಅಜ್ಜಿಯಭುಜ #ರಿವರ್ಸ್‌ಶೋಲ್ಡರ್ #ಬಿಕಾಂಹುಡುಗಿ