ಕೋಲಾಟಕ್ಕೆ ಜೋಡಿ ಬೇಕಾಗಿದೆ

ನಮ್ಮ ಊರುಗಳಲ್ಲಿ ವಯಸ್ಸಾದವರ ಕೈ ನಡುಗೋಕೆ ಶುರುವಾದರೆ ಮನೆಯವರು ಸಾಮಾನ್ಯವಾಗಿ ಹೇಳೋ ಮಾತು: "ವಯಸ್ಸಾಯ್ತಲ್ಲ, ಸುಮ್ನೆ ಒಂದ್ಕಡೆ ಕೂತ್ಕೊಳ್ಳಿ." ಪ್ರೀತಿಯಿಂದಲೇ ಹೇಳ್ತಾರೆ, ಎಲ್ಲಿ ಬಿದ್ದುಬಿಡ್ತಾರೋ ಅನ್ನೋ ಭಯದಿಂದ ಹೇಳ್ತಾರೆ. ಆದರೆ ಆ ನಡುಕ ಪಾರ್ಕಿನ್ಸನ್ ಕಾಯಿಲೆಯದ್ದಾಗಿದ್ದರೆ, ಕೂರಿಸಿಬಿಡೋದು ಸಹಾಯ ಅಲ್ಲ ಅನ್ನೋದು ನಮ್ಮ ವಾದ. ಅವರನ್ನ ಎಬ್ಬಿಸಬೇಕು, ಕೈಗೆ ಕೋಲು ಕೊಡಬೇಕು, ಎದುರಿಗೆ ನಾವು ನಿಲ್ಲಬೇಕು. ಹೌದು, ಕೋಲಾಟದ ಕೋಲು.

ತಮಾಷೆ ಅನ್ನಿಸಬಹುದು. ಮೊದಲು ಕಾಯಿಲೆ ಏನು ಅಂತ ನೋಡೋಣ. 1817ರಲ್ಲಿ ಜೇಮ್ಸ್ ಪಾರ್ಕಿನ್ಸನ್ ಅನ್ನೋ ಲಂಡನ್ನಿನ ವೈದ್ಯ ಇದರ ಬಗ್ಗೆ ಬರೆದ. ಆಯುರ್ವೇದದವರು ಇದನ್ನ ಕಂಪವಾತ ಅಂತಾರೆ. ಮೆದುಳಿನಲ್ಲಿ ಡೋಪಮೈನ್ ತಯಾರಿಸುವ ಜೀವಕೋಶಗಳು ವರ್ಷಾನುಗಟ್ಟಲೆ ನಿಧಾನವಾಗಿ ಸಾಯುತ್ತಾ ಹೋಗುತ್ತವೆ. ನಡುಕ ಎಲ್ಲರ ಕಣ್ಣಿಗೂ ಬೀಳುತ್ತೆ, ಆದರೆ ಕಷ್ಟ ಅಷ್ಟಕ್ಕೇ ಮುಗಿಯಲ್ಲ. ಹೆಜ್ಜೆ ಚಿಕ್ಕದಾಗುತ್ತೆ, ದನಿ ಸಣ್ಣದಾಗುತ್ತೆ, ಮುಖದಲ್ಲಿ ಭಾವನೆ ಕಾಣೋದು ಕಡಿಮೆಯಾಗುತ್ತೆ. ಹಿಂದೆ ತಿರುಗುವಾಗ ಬ್ಯಾಲೆನ್ಸ್ ತಪ್ಪುತ್ತೆ. ಕೆಲವರಿಗೆ ಹೊಸ್ತಿಲ ಹತ್ತಿರ ಬಂದಾಗ ಕಾಲು ನೆಲಕ್ಕೆ ಅಂಟಿಕೊಂಡ ಹಾಗೆ ನಿಂತೇಬಿಡುತ್ತೆ. ಲೆವೊಡೋಪಾದಂಥ ಮಾತ್ರೆಗಳು ತುಂಬಾ ಸಹಾಯ ಮಾಡುತ್ತವೆ, ಆದರೆ ಬ್ಯಾಲೆನ್ಸ್ ಮತ್ತು ಕಾಲು ಅಂಟುವ ತೊಂದರೆಗೆ ಬರೀ ಮಾತ್ರೆ ಸಾಲದು.

ಇಲ್ಲಿಂದ ಮುಂದೆ ನಮ್ಮ ಸಬ್ಜೆಕ್ಟಿನ ಭಾಷೆಯಲ್ಲೇ ಹೇಳಬಹುದು. ಡಿಜಿಟಲ್ ಸರ್ಕ್ಯೂಟಿಗೆ ಕ್ಲಾಕ್ ಇದ್ದ ಹಾಗೆ ನಮ್ಮ ನಡಿಗೆಗೂ ಒಳಗೊಂದು ತಾಳ ಇದೆ. ಬಲಗಾಲು, ಎಡಗಾಲು ಅಂತ ನಾವು ಯೋಚನೆ ಮಾಡಿ ನಡೆಯೋದಿಲ್ಲ, ತಾನಾಗೇ ಆಗುತ್ತೆ. ಮೆದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಅನ್ನೋ ಭಾಗಕ್ಕೆ ಇದರಲ್ಲಿ ದೊಡ್ಡ ಪಾತ್ರ. ಡೋಪಮೈನ್ ಕಡಿಮೆಯಾದಾಗ ಆ ಒಳಗಿನ ಕ್ಲಾಕ್ ಕೈಕೊಡುತ್ತೆ. ಆದರೆ ಹೊರಗಿನಿಂದ ಒಂದು ಸಿಗ್ನಲ್ ಕೊಟ್ಟರೆ ಎಷ್ಟೋ ಸಲ ಕಾಲು ಮತ್ತೆ ಹೊರಡುತ್ತೆ. ನೆಲದ ಮೇಲೆ ಎಳೆದ ಗೆರೆ, ಮೆಟ್ರೊನೋಮಿನ ಟಕ್ ಟಕ್, ಹಾಡಿನ ತಾಳ, ಇವೆಲ್ಲ ಹೊರಗಿನ ಕ್ಲಾಕ್‌ಗಳೇ. ಫಿಸಿಯೋಥೆರಪಿಯವರು ಇದನ್ನ ಬಹಳ ವರ್ಷದಿಂದ ಬಳಸ್ತಿದ್ದಾರೆ.

ನೃತ್ಯದಲ್ಲಿ ಈ ತಾಳದ ಜೊತೆಗೆ ಹಿಂದಕ್ಕೆ ಹೆಜ್ಜೆ, ತಿರುಗೋದು, ನಿಲ್ಲೋದು, ಮತ್ತೆ ಹೊರಡೋದು ಎಲ್ಲ ಇದೆ. ಅಂದ್ರೆ ಪಾರ್ಕಿನ್ಸನ್ ಇರುವವರಿಗೆ ಯಾವುದು ಕಷ್ಟವೋ ಅದೇ ಇಲ್ಲಿ ಅಭ್ಯಾಸದ ಪಾಠ. 2001ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮಾರ್ಕ್ ಮಾರಿಸ್ ಡ್ಯಾನ್ಸ್ ಗ್ರೂಪ್ ಪಾರ್ಕಿನ್ಸನ್ ಇರುವವರಿಗಾಗಿಯೇ ಕ್ಲಾಸ್ ಶುರು ಮಾಡಿತು. ನಮ್ಮ ಪಕ್ಕದ ಮಹಾರಾಷ್ಟ್ರದ ಪುಣೆಯಲ್ಲಿ ನೃತ್ಯಗಾರ ಹೃಷಿಕೇಶ್ ಪವಾರ್ ಇಂಥದ್ದೇ ಕ್ಲಾಸ್ ನಡೆಸಿದ್ದಾರೆ.

ಜೋಡಿ ನೃತ್ಯದ ವಿಷಯಕ್ಕೆ ಬಂದರೆ, ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ಯೂನಿವರ್ಸಿಟಿಯ ಮೆಡೆಲೀನ್ ಹ್ಯಾಕ್ನಿ ಮತ್ತು ಗ್ಯಾಮನ್ ಎರ್ಹಾರ್ಟ್ ಮಾಡಿದ ಅಧ್ಯಯನಗಳನ್ನ ನೋಡಬೇಕು. 2009ರಲ್ಲಿ ಅವರು 58 ಜನರನ್ನ ತಗೊಂಡು ಕೆಲವರಿಗೆ ಟ್ಯಾಂಗೋ, ಕೆಲವರಿಗೆ ವಾಲ್ಟ್ಜ್ ಮತ್ತು ಫಾಕ್ಸ್‌ಟ್ರಾಟ್ ಕಲಿಸಿದರು. ಉಳಿದವರಿಗೆ ಏನೂ ಕಲಿಸಲಿಲ್ಲ. 13 ವಾರದಲ್ಲಿ ಒಂದೊಂದು ಗಂಟೆಯ 20 ಕ್ಲಾಸ್. ಕುಣಿದವರ ಬ್ಯಾಲೆನ್ಸ್ ಸುಧಾರಿಸಿತು, ಆರು ನಿಮಿಷದಲ್ಲಿ ಅವರು ನಡೆಯೋ ದೂರ ಹೆಚ್ಚಾಯ್ತು, ಹಿಂದಕ್ಕೆ ಇಡುವ ಹೆಜ್ಜೆ ಉದ್ದವಾಯ್ತು.

ನಮಗೆ ಇದಕ್ಕಿಂತ ಮುಖ್ಯ ಅನ್ನಿಸಿದ್ದು 2010ರ ಅಧ್ಯಯನ. 39 ಜನರಲ್ಲಿ ಕೆಲವರು ಜೋಡಿಯ ಜೊತೆ, ಕೆಲವರು ಒಬ್ಬೊಬ್ಬರೇ ಅದೇ ಹೆಜ್ಜೆಗಳನ್ನ ಕಲಿತರು. ಎರಡು ಗುಂಪಿಗೂ ಹೆಚ್ಚುಕಡಿಮೆ ಒಂದೇ ಥರ ಪ್ರಯೋಜನ ಆಯ್ತು. ಹಾಗಾದ್ರೆ ಜೋಡಿ ಯಾಕೆ ಬೇಕು? ಜೋಡಿಯ ಜೊತೆ ಕುಣಿದವರು ಹೆಚ್ಚು ಖುಷಿಪಟ್ಟರು, ಇದನ್ನ ಮುಂದುವರಿಸ್ತೀವಿ ಅಂದವರೂ ಅವರೇ ಹೆಚ್ಚು. ವಾಸಿಯಾಗದ ಕಾಯಿಲೆಯಲ್ಲಿ ಈ "ನಾಳೆನೂ ಬರ್ತೀನಿ" ಅನ್ನೋದು ಚಿಕ್ಕ ವಿಷಯ ಅಲ್ಲ. ನಮ್ಮ ಜಿಮ್ ಮೆಂಬರ್‌ಶಿಪ್ಪುಗಳ ಕತೆ ನಮಗೇ ಗೊತ್ತು. ವ್ಯಾಯಾಮದ ಚೀಟಿ ಬರೆದುಕೊಟ್ಟರೆ ಅದು ಕ್ಯಾಲೆಂಡರ್ ಹಿಂದೆ ಸೇರಿಕೊಳ್ಳುತ್ತೆ. ಎದುರಿಗೆ ಒಬ್ಬರು ಕಾಯ್ತಿದ್ದಾರೆ ಅಂದ್ರೆ ಮನುಷ್ಯ ಎದ್ದು ಹೋಗ್ತಾನೆ.

ಈಗ ಕೊತ್ತಗೆರೆಗೆ ಬರೋಣ. ಕುಣಿಗಲ್ ತಾಲ್ಲೂಕಿನ ಈ ಹೋಬಳಿಯಲ್ಲಿ ಟ್ಯಾಂಗೋ ಕಲಿಸೋರನ್ನ ಹುಡುಕುವ ಅಗತ್ಯ ಇಲ್ಲ. ಕೋಲಾಟವೂ ಜೋಡಿ ನೃತ್ಯವೇ ಅಲ್ವಾ? ಒಮ್ಮೆ ನಮ್ಮ ಕೋಲಿಗೇ ನಮ್ಮ ಕೋಲು, ಇನ್ನೊಮ್ಮೆ ಎದುರಿನವರ ಕೋಲಿಗೆ. ಹಾಡು ಕಿವಿಗೆ ತಾಳ ಕೊಡುತ್ತೆ, ಎದುರಿನ ಕೋಲು ಕಣ್ಣಿಗೆ ಗುರಿ ಕೊಡುತ್ತೆ, ತಾಗಿದ ಪೆಟ್ಟು ಕೈಗೆ ಫೀಡ್‌ಬ್ಯಾಕ್ ಕೊಡುತ್ತೆ. ಒಂದು ಹೆಜ್ಜೆ ಮುಂದೆ, ಒಂದು ಹಿಂದೆ, ಒಂದು ಸುತ್ತು. ಅದರ ಮೇಲೆ ಇದು ಹಿರಿಯರಿಗೆ ಹೊಸ ಪಾಠವೂ ಅಲ್ಲ. ಎಷ್ಟೋ ಜನ ಚಿಕ್ಕಂದಿನಲ್ಲಿ ಹಬ್ಬಕ್ಕೋ ಜಾತ್ರೆಗೋ ಆಡಿದವರೇ. ಹಾಡು ಅವರಿಗೆ ಬಾಯಿಪಾಠ, ನಾವು ಮಾತ್ರ ಯೂಟ್ಯೂಬ್ ನೋಡಿ ಕಲೀಬೇಕು.

ಆಕ್ಷೇಪಣೆಗಳು ಇವೆ, ಅವು ನ್ಯಾಯವಾದವೇ. ಟ್ಯಾಂಗೋದ ಫಲಿತಾಂಶವನ್ನ ತಂದು ಕೋಲಾಟಕ್ಕೆ ಅಂಟಿಸಬಾರದು, ಕೋಲಾಟವನ್ನ ಬೇರೆಯಾಗಿಯೇ ಪರೀಕ್ಷೆ ಮಾಡಬೇಕು. ಎರಡನೆಯದು, ಬಿದ್ದರೆ? ಅದಕ್ಕೇ ವೈದ್ಯರ ಒಪ್ಪಿಗೆ ಮತ್ತು ಫಿಸಿಯೋಥೆರಪಿಸ್ಟ್ ಒಬ್ಬರು ಇಲ್ಲದೆ ಶುರು ಮಾಡಲೇಬಾರದು. ಸಮತಟ್ಟಾದ ನೆಲ, ಹತ್ತಿರದಲ್ಲಿ ಕುರ್ಚಿ, ಹಗುರವಾದ ಕೋಲು, ಮಾತ್ರೆಯ ಪರಿಣಾಮ ಚೆನ್ನಾಗಿರುವ ಹೊತ್ತು, ಇಷ್ಟೂ ಬೇಕು. ನಿಲ್ಲಲಾಗದವರು ಕುರ್ಚಿಯಲ್ಲಿ ಕೂತೇ ಕೋಲು ಹಾಕಬಹುದು. ಮಾತ್ರೆ ನಿಲ್ಲಿಸೋ ಮಾತಂತೂ ಯಾರೂ ಆಡಬಾರದು. ಮೂರನೆಯದು ನಾಚಿಕೆ. "ಈ ವಯಸ್ಸಲ್ಲಿ ಕುಣಿತವಾ?" ಅಂತ ಕೇಳೋರು ಇದ್ದೇ ಇರ್ತಾರೆ. ಶಿವ ಕುಣಿದ ಕಲ್ಲಿನಿಂದ ಕುಣಿಗಲ್ ಅಂತ ಹೆಸರು ಬಂತು ಅನ್ನುತ್ತೆ ಸ್ಥಳಪುರಾಣ. ಅಂಥ ತಾಲ್ಲೂಕಿನಲ್ಲಿ ಹಿರಿಯರು ಕುಣಿಯೋಕೆ ನಾಚಬೇಕಾ?

ಹಾಗಾದ್ರೆ ಜೋಡಿಯಾಗೋರು ಯಾರು? ಮನೆಯವರು ಹೊಲ, ಡೈರಿ, ಗಾರ್ಮೆಂಟ್ಸು ಅಂತ ಬೆಳಿಗ್ಗೆಯಿಂದ ದುಡೀತಿರ್ತಾರೆ. ಸೇಂಟ್ ಲೂಯಿಸ್‌ನ ಕ್ಲಾಸುಗಳಲ್ಲಿ ಜೋಡಿಯಾಗಿ ನಿಂತವರಲ್ಲಿ ಅದೇ ಯೂನಿವರ್ಸಿಟಿಯ ವಿದ್ಯಾರ್ಥಿ ಸ್ವಯಂಸೇವಕರಿದ್ದರು. ನಮ್ಮ ವಯಸ್ಸಿನವರು. ನಮಗೂ ವಿಟಿಯು ಲೆಕ್ಕದಲ್ಲಿ ನಾಲ್ಕು ವರ್ಷದೊಳಗೆ 100 ಆಕ್ಟಿವಿಟಿ ಪಾಯಿಂಟ್ಸ್ ಬೇಕೇ ಬೇಕು. ಅದಕ್ಕೆ ನಾವು ಸಾಮಾನ್ಯವಾಗಿ ಮಾಡೋದೇನು? ಒಂದು ಗಿಡ ನೆಟ್ಟು ಹನ್ನೊಂದು ಜನ ಫೋಟೋ ತೆಗೆಸ್ಕೊಳ್ಳೋದು. ರಾಜ್ಯೋತ್ಸವಕ್ಕೆ ಅಂತ ಕೋಲಾಟ ಕಲಿತು, ಐದು ನಿಮಿಷ ಸ್ಟೇಜಿನ ಮೇಲೆ ಆಡಿ, ಕೋಲನ್ನ ಕ್ಲಬ್ ರೂಮಿನ ಬೀರುವಿನಲ್ಲಿಟ್ಟು ಬೀಗ ಹಾಕೋದು.

ಆ ಕೋಲುಗಳನ್ನ ಹೊರಗೆ ತೆಗೆಯೋಣ ಅನ್ನೋದೇ ನಮ್ಮ ಪ್ರಸ್ತಾಪ. ನಮ್ಮ ಕನ್ನಡ ಸಂಘ, ಎನ್‌ಎಸ್‌ಎಸ್ ಘಟಕ, ಒಬ್ಬ ಫಿಸಿಯೋಥೆರಪಿಸ್ಟ್, ಕೊತ್ತಗೆರೆಯ ಒಂದು ಸಮುದಾಯ ಭವನ. ವಾರಕ್ಕೆ ಎರಡು ದಿನ, ಒಂದೊಂದು ಗಂಟೆ. 13 ವಾರ ಅಂದ್ರೆ ನಮ್ಮ ಒಂದು ಸೆಮಿಸ್ಟರಿನೊಳಗೆ ಮುಗಿಯುತ್ತೆ. ಬರುವವರ ಒಪ್ಪಿಗೆ ತಗೊಂಡು, ಮೊದಲ ದಿನ ಮತ್ತು ಕೊನೆಯ ದಿನ ಫಿಸಿಯೋಥೆರಪಿಸ್ಟ್ ಅಳತೆ ತಗೊಳ್ಳಲಿ. ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಕೂರೋಕೆ ಎಷ್ಟು ಸೆಕೆಂಡ್ ಬೇಕು ಅನ್ನೋ ಪರೀಕ್ಷೆ ಇದೆ, ಅದಕ್ಕೆ ಒಂದು ಟೇಪು, ಒಂದು ಸ್ಟಾಪ್‌ವಾಚ್ ಸಾಕು. ಲೆಕ್ಕ ಬರೆದಿಡೋ ಕೆಲಸ ನಮಗೆ ಬಿಡಿ, ಲ್ಯಾಬ್ ರೆಕಾರ್ಡ್ ಬರೆದು ಬರೆದು ಅಭ್ಯಾಸ ಆಗಿದೆ.

ಒಂದೇ ಒಂದು ಷರತ್ತು. ಪಾಯಿಂಟ್ಸ್ ಬಂದ ಮೇಲೆ ನಿಲ್ಲಿಸೋದಾದ್ರೆ ಶುರು ಮಾಡೋದೇ ಬೇಡ. ಹಿರಿಯರೊಬ್ಬರು ಕಷ್ಟಪಟ್ಟು ಎದ್ದು, ಪಂಚೆಯೋ ಸೀರೆಯೋ ಸರಿಮಾಡ್ಕೊಂಡು ಭವನದ ತನಕ ನಡೆದು ಬಂದಾಗ ಎದುರಿಗೆ ಜೋಡಿ ಇರಲೇಬೇಕು. ಇಂಟರ್ನಲ್ಸ್ ವಾರದಲ್ಲೂ ಇರಬೇಕು. ಬೀರುವಿನ ಬೀಗದ ಕೈ ಸಂಘದ ಕಾರ್ಯದರ್ಶಿ ಹತ್ರ ಇದೆ. ಬರ್ತೀನಿ ಅನ್ನೋರು ಈ ವಾರವೇ ಹೆಸರು ಕೊಡಿ.